ಇಳಿಸುವ ಜಾಣ್ಮೆ

ಮಣಿಪಾಲದಿಂದ ಕಾರ್ಕಳಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಹಿಡಿದು ಸ್ಟೀಮ್ ಡೆಕ್ ತೆರೆದವನು ಮೊದಲು ಆಡುವುದಿಲ್ಲ, ಸೆಟ್ಟಿಂಗ್ಸ್ ತಿದ್ದುತ್ತಾನೆ. 2022ರಲ್ಲಿ ಬಂದ ಈ ಕೈಯಂತ್ರದ ಪರದೆ 7 ಇಂಚು, ಬ್ಯಾಟರಿ 40 ವ್ಯಾಟ್-ಅವರ್. ಒಟ್ಟು 20 ವ್ಯಾಟ್ ಕುಡಿದರೆ ಎರಡೇ ಗಂಟೆ ಆಟ. 10ಕ್ಕೆ ಇಳಿಸಿದರೆ ನಾಲ್ಕು.

ಎಲ್ಲಿ ಇಳಿಸಬೇಕು ಎಂಬುದರಲ್ಲಿದೆ ಕಸುಬು. ನೆರಳನ್ನು ಅಲ್ಟ್ರಾದಿಂದ ಮೀಡಿಯಂಗೆ ತಂದರೆ ಇಷ್ಟು ಚಿಕ್ಕ ಪರದೆಯಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ, ಚಿಪ್‌ನ ಹೊರೆ ಮಾತ್ರ ಚೆನ್ನಾಗಿ ತಗ್ಗುತ್ತದೆ. ಟೆಕ್ಸ್‌ಚರ್ ಮುಟ್ಟುವುದು ಬೇಡ; ಮೆಮೊರಿ ಸಾಲುವವರೆಗೆ ಅದು ವೇಗವನ್ನು ಅಷ್ಟಾಗಿ ತಿನ್ನದು.

ನನಗೆ ಬಹಳ ಇಷ್ಟವಾದದ್ದು 40 ಫ್ರೇಮಿನ ಉಪಾಯ. ಸೆಕೆಂಡಿಗೆ 30 ಫ್ರೇಮಾದರೆ ಒಂದೊಂದಕ್ಕೆ 33.3 ಮಿಲಿಸೆಕೆಂಡು, 60 ಆದರೆ 16.7. ಇವೆರಡರ ನಟ್ಟನಡುವಿನ 25 ಮಿಲಿಸೆಕೆಂಡೇ 40 ಫ್ರೇಮು! ಪರದೆಯನ್ನೂ 40 ಹರ್ಟ್ಸ್‌ಗೆ ನಿಲ್ಲಿಸಿದರೆ, ಯಕ್ಷಗಾನದಲ್ಲಿ ಭಾಗವತರ ತಾಳಕ್ಕೆ ಚೆಂಡೆ ಕೂಡಿದಂತೆ ಚಲನೆ ಕೂಡುತ್ತದೆ. ಏರಿಳಿಯುವ 55ಕ್ಕಿಂತ ಅಲುಗದ 40 ಕಣ್ಣಿಗೆ ಹಿತ.

ಕಾಪು ಕಡಲತೀರದ ಮರಳ ಮೇಲೆ ಮಾತ್ರ ಲೆಕ್ಕ ತಲೆಕೆಳಗು. ಬಿಸಿಲಿಗೆ ಪರದೆಯ ಬೆಳಕು ಏರಿಸಲೇಬೇಕು, ಕರಾವಳಿಯ ಸೆಕೆಗೆ ಫ್ಯಾನು ಏದುಸಿರು ಬಿಡುತ್ತದೆ.

ಕಾರ್ಕಳದಲ್ಲಿ ಇಳಿದರೆ ಬೆಟ್ಟದ ಮೇಲೆ 1432ರ ಗೊಮ್ಮಟ, ಸುಮಾರು 42 ಅಡಿಯ ಏಕಶಿಲೆ. ಅಲ್ಲೂ ಶಿಲ್ಪಿ ಏನನ್ನೂ ಸೇರಿಸಲಿಲ್ಲ. ಬೇಡದ್ದನ್ನು ತೆಗೆದ, ಅಷ್ಟೆ.