ಮೊದಲು ಕಾಲು, ಆಮೇಲೆ ಹಲಗೆ

ಸ್ನೋಬೋರ್ಡಿಗೆ ಬೈಂಡಿಂಗ್ ಬಿಗಿದು, ಅದಕ್ಕೆ ಬೂಟು ಸಿಕ್ಕಿಸಿ, ಇಡೀ ಸರಂಜಾಮನ್ನು ನೆಲದ ಮೇಲೆ ಒಂದು ಅಂಚಿಗೆ ನಿಲ್ಲಿಸಬೇಕು. ನಿಧಾನವಾಗಿ ವಾಲಿಸುತ್ತ ಹೋಗಬೇಕು. ಬೂಟಿನ ಮೂತಿ ನೆಲಕ್ಕೆ ಎಷ್ಟು ಬೇಗ ತಾಗುತ್ತದೆ ಎಂದು ಬಗ್ಗಿ ನೋಡಬೇಕು. ಕಾಸು ಖರ್ಚಿಲ್ಲದ, ಎರಡೇ ನಿಮಿಷದ ಪರೀಕ್ಷೆ. ನಾನು ಇದನ್ನು ಮಾಡಿದ್ದು ಎರಡನೇ ಚಳಿಗಾಲದಲ್ಲಿ. ಮೊದಲನೆಯದರಲ್ಲೇ ಮಾಡಿದ್ದರೆ, ಸ್ವಿಟ್ಜರ್ಲೆಂಡಿನ ಒಂದು ಇಳಿಜಾರಿನಲ್ಲಿ ಹಿಂಗಾಲಿನ ಬೂಟು ಗಟ್ಟಿ ಹಿಮಕ್ಕೆ ಬಡಿದು, ಅಂಚು ಕಿತ್ತುಕೊಂಡು, ಮೂವತ್ತು ಮೀಟರ್ ಹೊಟ್ಟೆಯ ಮೇಲೆ ಜಾರುವ ಪ್ರಸಂಗ ತಪ್ಪುತ್ತಿತ್ತು. ತಲೆಯ ಮೇಲೆ ಲಿಫ್ಟಿನಲ್ಲಿ ಹೋಗುತ್ತಿದ್ದ ಮಗುವೊಂದು ಚಪ್ಪಾಳೆ ಬೇರೆ ತಟ್ಟಿತು.

ಸ್ನೋಬೋರ್ಡ್ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ದೊಗಳೆ ಪ್ಯಾಂಟು, ಮೆತ್ತನೆ ಬೂಟು, ಗಾಳಿಯಲ್ಲಿ ಪಲ್ಟಿ ಹೊಡೆಯುವ ಹುಡುಗರು. ಆಲ್ಪೈನ್ ಅದರ ದಾಯಾದಿ. ಇಲ್ಲಿ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಬೋರ್ಡು ಉದ್ದ ಮತ್ತು ಕಿರಿದು, ಪಾದಗಳು ಬೋರ್ಡಿನ ಮೂತಿಯ ಕಡೆಗೆ ತಿರುಗಿರುತ್ತವೆ. ಜಿಗಿತವಿಲ್ಲ. ಅಂಚಿನ ಮೇಲೆ ವಾಲಿ, ಹಿಮದಲ್ಲಿ ಚಾಕುವಿನ ಗೀಟು ಎಳೆಯುತ್ತ ತಿರುಗುವುದಷ್ಟೇ ಆಟ. 1998ರ ನಾಗಾನೊದಲ್ಲಿ ಸ್ನೋಬೋರ್ಡ್ ಒಲಿಂಪಿಕ್ಸಿಗೆ ಬಂದಾಗ ಮೊದಲ ಚಿನ್ನ ಸಿಕ್ಕಿದ್ದು ಈ ಬಗೆಯ, ಕಂಬಗಳ ನಡುವೆ ತಿರುಗುತ್ತ ಇಳಿಯುವ ಜಯಂಟ್ ಸ್ಲಾಲಮ್‌ ಸ್ಪರ್ಧೆಗೇ. ಗೆದ್ದ ಕೆನಡಾದ ರಾಸ್ ರೆಬಾಗ್ಲಿಯಾಟಿಯ ಪದಕವನ್ನು ಗಾಂಜಾ ಕಾರಣಕ್ಕೆ ಕಿತ್ತು, ಮತ್ತೆ ವಾಪಸು ಕೊಟ್ಟರು. ಜನಕ್ಕೆ ನೆನಪಿರುವುದು ಅದೇ. 2018ರ ಫೆಬ್ರವರಿಯ ಒಲಿಂಪಿಕ್ಸಿನಲ್ಲಿ ಝೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ 17ರಂದು ಸ್ಕೀ ತೊಟ್ಟು ಸೂಪರ್-ಜಿ ಚಿನ್ನ, 24ರಂದು ಬೋರ್ಡ್ ಏರಿ ಪ್ಯಾರಲಲ್ ಜಯಂಟ್ ಸ್ಲಾಲಮ್ ಚಿನ್ನ ಗೆದ್ದಳು. ಆಗ ಒಂದೆರಡು ವಾರ ಈ ಆಟವನ್ನು ಲೋಕ ತಿರುಗಿ ನೋಡಿತು.

ಹಾಗೆ ತಿರುಗಿ ನೋಡಿದವರಲ್ಲಿ ನಾನೂ ಒಬ್ಬ. ನೋಡಿದವರೆಲ್ಲ ಮಾಡುವ ತಪ್ಪನ್ನೇ ಮಾಡಿದೆ. ಮೊದಲು ಬೋರ್ಡ್ ಕೊಂಡೆ. ಒಬ್ಬ ನಿವೃತ್ತ ಸ್ಪರ್ಧಿಯ ಕೈಯಿಂದ, 183 ಸೆಂಟಿಮೀಟರಿನದು, ಲೋಹದ ಪದರದ್ದು. ಬೂಟು ಆಮೇಲೆ, ಬೈಂಡಿಂಗು ಅದರ ಮೇಲೆ, ಅಳತೆ ಕೊನೆಗೆ. ಈ ಆಟದ ಸಾಮಾನು ಕೊಳ್ಳುವ ರೂಢಿಯ ಮೇಲೆ ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಎಲ್ಲರೂ ಕೇಳುವುದು ಬೋರ್ಡ್ ಯಾವುದು ಎಂದು. ಅಂಗಡಿಯವನೂ ಅಲ್ಲಿಂದಲೇ ಶುರು ಮಾಡುತ್ತಾನೆ, ಏಕೆಂದರೆ ಗೋಡೆಗೆ ಒರಗಿಸಿ ತೋರಿಸಲು ಚೆನ್ನಾಗಿರುವುದು ಅದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ನಮ್ಮ ಗಾದೆ ಈ ಹಿಮದಲ್ಲಿ ನಡೆಯುವುದಿಲ್ಲ. ಕಾಲು ಅಳೆದು ಹಾಸಿಗೆ ಹುಡುಕಬೇಕು.

ಬೂಟಿನಿಂದ ಶುರು ಮಾಡೋಣ. ಗಟ್ಟಿ ಬೂಟಿನ ಒಳಗೆ ತೆಗೆದು ಹಾಕಬಹುದಾದ ಮೆತ್ತನೆಯ ಒಳಬೂಟು ಇರುತ್ತದೆ. ಅಂಗಡಿಯಲ್ಲಿ ಅದರ ಸಮೇತ ಕಾಲು ತೂರಿಸಿದರೆ ಎಲ್ಲ ಬೂಟೂ ಹಿತವೇ. ಅದನ್ನು ಹೊರಗೆಳೆದು, ಬರಿಯ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಕಾಲಿಟ್ಟು, ಬೆರಳುಗಳು ಮುಂದೆ ತಾಗುವವರೆಗೆ ಸರಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತು ನೋಡಬೇಕು. ಒಂದು, ಒಂದೂವರೆ ಸೆಂಟಿಮೀಟರ್ ಸಾಕು. ನನ್ನ ಮೊದಲ ಬೂಟಿನಲ್ಲಿ ಅಲ್ಲಿ ಮೂರು ಬೆರಳು ನಿರಾಯಾಸವಾಗಿ ಇಳಿಯುತ್ತಿದ್ದವು. ನಡೆಯುವಾಗ ಮನೆಯ ಚಪ್ಪಲಿಯಷ್ಟು ಆರಾಮ. ತಿರುವಿನಲ್ಲಿ ಮಾತ್ರ ಬೂಟು ಒಂದು ಕಡೆ, ಹಿಮ್ಮಡಿ ಇನ್ನೊಂದು ಕಡೆ. ನಾನು ವಾಲಿದ್ದು ಅಂಚಿಗೆ ತಲುಪುವ ಹೊತ್ತಿಗೆ ತಿರುವೇ ಮುಗಿದಿರುತ್ತಿತ್ತು. ಒಳಬೂಟನ್ನು ಬಿಸಿ ಮಾಡಿ ಪಾದದ ಆಕಾರಕ್ಕೆ ಕೂರಿಸುವ ಸೌಲಭ್ಯ ಇದೆ, ಅದು ಒಳ್ಳೆಯದೇ. ಆದರೆ ದೊಡ್ಡ ಚಿಪ್ಪನ್ನು ಅದರಿಂದ ಚಿಕ್ಕದು ಮಾಡಲಾಗುವುದಿಲ್ಲ.

ಹಣ ಉಳಿಸಲು ಸ್ಕೀ ಬೂಟನ್ನೇ ಹಾಕಿಕೊಳ್ಳುವವರಿದ್ದಾರೆ. ಒಂದು ದಿನದ ರುಚಿ ನೋಡಲು ಅಡ್ಡಿಯಿಲ್ಲ. ಸ್ಕೀ ಬೂಟು ಕಣಕಾಲನ್ನು ಪಕ್ಕಕ್ಕೆ ಅಲುಗಾಡದಂತೆ ಕಟ್ಟಿಹಾಕುತ್ತದೆ; ಸ್ನೋಬೋರ್ಡಿಗೆ ಅಲ್ಲಿ ಒಂದಿಷ್ಟು ಸಡಿಲ ಬೇಕು. ಇದಕ್ಕೆಂದೇ ಮಾಡಿದ ಬೂಟಿನ ಹಿಂಬದಿಯಲ್ಲಿ ಒಂದು ಚಿಕ್ಕ ಸಲಕರಣೆ ಇರುತ್ತದೆ, ಮೀನಖಂಡ ಎಷ್ಟು ಮುಂದಕ್ಕೆ ಬಾಗಿರಬೇಕೆಂದು ಹೊಂದಿಸಲು. ಹಿಂಗಾಲಿನದನ್ನು ಮುಂಗಾಲಿಗಿಂತ ಹೆಚ್ಚು ಬಾಗಿಸಿಕೊಳ್ಳುವುದು ರೂಢಿ. ಇನ್ನೊಂದು ಮಾತು. ಸ್ಕೀ ಬೈಂಡಿಂಗ್ ಬಿದ್ದಾಗ ತಾನೇ ಬಿಡಿಸಿಕೊಳ್ಳುತ್ತದೆ. ಇಲ್ಲಿನ ಪ್ಲೇಟ್ ಬೈಂಡಿಂಗ್ ಹಾಗೆ ಬಿಡುವುದಿಲ್ಲ. ಬಿದ್ದರೆ ಎರಡು ಕಾಲೂ ಬೋರ್ಡಿನ ಜೊತೆಗೇ. ಮಂಡಿಯ ಮೇಲೆ ಬೀಳುವ ತಿರುಚು ಎಷ್ಟೆಂದು ಕೊಳ್ಳುವ ದಿನ ಯಾರೂ ಹೇಳುವುದಿಲ್ಲ.

ಬೂಟು ಗೊತ್ತಾದರೆ ಬೋರ್ಡಿನ ಅಗಲ ತಾನಾಗಿ ಗೊತ್ತಾಗುತ್ತದೆ. ಒಂದು ಲೆಕ್ಕ: ಬೂಟಿನ ಅಟ್ಟೆ 31 ಸೆಂಟಿಮೀಟರ್ ಎಂದುಕೊಳ್ಳಿ. ಬೋರ್ಡಿಗೆ ಪೂರಾ ಅಡ್ಡವಾಗಿ ನಿಂತರೆ ಕೋನ ಸೊನ್ನೆ, ಮೂತಿಯ ಕಡೆ ನೇರ ತಿರುಗಿದರೆ 90. ಪಾದವನ್ನು 45 ಡಿಗ್ರಿಗಿಟ್ಟರೆ ಅಟ್ಟೆಯ ಉದ್ದ ಬೋರ್ಡಿನ ಅಗಲದಲ್ಲಿ ಸುಮಾರು 22 ಸೆಂಟಿಮೀಟರ್ ನುಂಗುತ್ತದೆ. 60ಕ್ಕೆ ತಿರುಗಿಸಿದರೆ 15.5. ಬೂಟಿನ ಅಗಲದ ಪಾಲೆಂದು ಐದಾರು ಸೆಂಟಿಮೀಟರ್ ಇದಕ್ಕೆ ಸೇರಿಸಿ. ನಡುವಿನಲ್ಲಿ 20 ಸೆಂಟಿಮೀಟರ್ ಇರುವ ಬೋರ್ಡಿನ ಮೇಲೆ 60 ಡಿಗ್ರಿಯ ಬೂಟು ಹೆಚ್ಚುಕಡಿಮೆ ಕೂರುತ್ತದೆ, 45ರದು ಎರಡೂ ಕಡೆ ಆಚೆ ಚಾಚುತ್ತದೆ. ಚಾಚಿದ ಭಾಗ ತಿರುವಿನಲ್ಲಿ ಹಿಮಕ್ಕೆ ತಾಗಿ ಅಂಚನ್ನು ಎತ್ತಿಬಿಡುತ್ತದೆ. ನನ್ನನ್ನು ಹೊಟ್ಟೆಯ ಮೇಲೆ ಮಲಗಿಸಿದ್ದು ಇದೇ.

ಹಾಗಾದರೆ ಕೋನವನ್ನು 70ಕ್ಕೋ 75ಕ್ಕೋ ಏರಿಸಿದರಾಯಿತಲ್ಲ ಎನ್ನಬಹುದು. ನಾನೂ ಹಾಗೇ ಅಂದುಕೊಂಡು ಏರಿಸಿದೆ. ಬೂಟೇನೋ ಒಳಗೆ ಬಂತು, ಆದರೆ ಸೊಂಟವನ್ನು ಯಾರೋ ಹಗ್ಗದಿಂದ ಬಿಗಿದಂತಾಯಿತು. ಎರಡು ಮಂಡಿಗಳು ಒಂದರ ಹಿಂದೊಂದು ಸಾಲು ನಿಂತರೆ ಪಕ್ಕಕ್ಕೆ ಒತ್ತಡ ಕೊಡಲು ದೇಹಕ್ಕೆ ಹಿಡಿತವೇ ಸಿಗುವುದಿಲ್ಲ. ಒಂದು ಕಾಲದಲ್ಲಿ ತೀರ ಕಿರಿದಾದ ಬೋರ್ಡುಗಳ ಮೋಹ ಇತ್ತು. ಅವು ಸವಾರನನ್ನು ಇಂಥ ಕೋನಕ್ಕೆ ತಳ್ಳುತ್ತಿದ್ದವು. ಆ ಮೋಹ ಇಳಿದದ್ದು ಈ ಆಟಕ್ಕಾದ ಒಳ್ಳೆಯ ಸಂಗತಿಗಳಲ್ಲಿ ಒಂದು. 50ರಿಂದ 65ರೊಳಗೆ ಪಾದ ಕೂರುವಂಥ ಅಗಲದ ಬೋರ್ಡ್ ಹುಡುಕಿ ಎಂದಷ್ಟೇ ನಾನು ಹೇಳುವುದು.

ಬೈಂಡಿಂಗಿನ ಎತ್ತರ, ಓರೆ, ಎರಡು ಕಾಲಿನ ನಡುವಿನ ಅಂತರ, ಇವುಗಳಲ್ಲಿ ಶಾಸ್ತ್ರಕ್ಕಿಂತ ತಾಳ್ಮೆ ಮುಖ್ಯ. ಮುಂಗಾಲಿನ ಬೆರಳ ಕಡೆ ಮೇಲೆ, ಹಿಂಗಾಲಿನ ಹಿಮ್ಮಡಿ ಕಡೆ ಮೇಲೆ. ಇದು ಬಹುಮಂದಿಗೆ ಒಗ್ಗುತ್ತದೆ. 3 ಡಿಗ್ರಿ, 6 ಡಿಗ್ರಿಯ ಓರೆ ಬಿಲ್ಲೆಗಳು ಸಿಗುತ್ತವೆ. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ, ಹಳೆಯ ಅಳತೆಯನ್ನು ಬೋರ್ಡಿನ ಮೇಲೆ ಅಂಟುಪಟ್ಟಿಯಲ್ಲಿ ಬರೆದಿಡಿ. ಸ್ಕ್ರೂ ಉದ್ದವಾಯಿತೋ, ಬೋರ್ಡಿನ ತಳದಲ್ಲಿ ಗುಬುಟು ಏಳುತ್ತದೆ.

ಇನ್ನು ಬೋರ್ಡು. ಅದರ ಪಕ್ಕದ ಒಳಬಾಗು ಒಂದು ದೊಡ್ಡ ವೃತ್ತದ ತುಂಡು ಎಂದಿಟ್ಟುಕೊಳ್ಳಿ. ಬೋರ್ಡು ವಾಲಿದಂತೆ ಅದು ಕೊರೆಯುವ ತಿರುವು ಆ ವೃತ್ತಕ್ಕಿಂತ ಚಿಕ್ಕದಾಗುತ್ತ ಹೋಗುತ್ತದೆ. 60 ಡಿಗ್ರಿ ವಾಲಿದರೆ ಸರಿಯಾಗಿ ಅರ್ಧ. 20 ಮೀಟರ್ ತ್ರಿಜ್ಯದ ಜಯಂಟ್ ಸ್ಲಾಲಮ್ ಬೋರ್ಡು ಆಗ 10 ಮೀಟರಿನ ತಿರುವು ಕೊಡುತ್ತದೆ, 12 ಮೀಟರಿನದು 6. ಇಳಿಜಾರಿನ ಓರೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಬೀಳದೆ ಅಷ್ಟು ವಾಲಿರಲು ಮೊದಲನೆಯದಕ್ಕೆ ಗಂಟೆಗೆ ಸುಮಾರು 47 ಕಿಲೋಮೀಟರ್ ವೇಗ ಬೇಕು, ಎರಡನೆಯದಕ್ಕೆ 36. ಕಾಗದದ ಮೇಲೆ ವ್ಯತ್ಯಾಸ ಸಣ್ಣದು. ಭಾನುವಾರ, ಮಕ್ಕಳ ಸ್ಕೀ ಶಾಲೆ ಬಾತುಮರಿಗಳಂತೆ ಸಾಲಾಗಿ ಇಳಿಯುವ ಹೊತ್ತಿನಲ್ಲಿ, ಇಪ್ಪತ್ತು ಮೀಟರ್ ಅಗಲ ಬೇಡುವ ತಿರುವನ್ನು 47ರ ವೇಗದಲ್ಲಿ ಹಾಕಲು ಜಾಗವೆಲ್ಲಿದೆ? ಸ್ಪರ್ಧಿಗೆ ದಾರಿ ತೆರವು ಮಾಡಿಕೊಟ್ಟಿರುತ್ತಾರೆ, ಕಂಬ ಇರುವಲ್ಲಿ ತಿರುಗಿದರಾಯಿತು. ನನಗೆ ಎದುರಿಗೆ ಜನ ಕಂಡಲ್ಲಿ ತಿರುಗಬೇಕು. 183ರ ಆ ಬೋರ್ಡನ್ನು ನಾನು ನಿಜವಾಗಿ ವಾಲಿಸಿದ್ದು ಬೆಳಗಿನ ಮೊದಲ ಎರಡು ಸುತ್ತಿನಲ್ಲಿ ಮಾತ್ರ. ಉಳಿದ ಹೊತ್ತು ಅದರ ಮೇಲೆ ನಿಂತು ಬ್ರೇಕ್ ಹಾಕುತ್ತಿದ್ದೆ.

ಲೋಹದ ವಿಷಯಕ್ಕೆ ಬಂದರೆ, ಟೈಟನಾಲ್ ಎನ್ನುವ ಅಲ್ಯುಮಿನಿಯಂ ಮಿಶ್ರಲೋಹದ ತೆಳು ಹಾಳೆಗಳು ಬೋರ್ಡಿನ ನಡುಕವನ್ನು ಹೀರಿಕೊಳ್ಳುತ್ತವೆ. ಗಾಜಿನಂಥ ಹಿಮದಲ್ಲಿ ಅಂಚು ಗದಗುಟ್ಟದೆ ಹಿಡಿಯುವ ಆ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಲೋಹ ಒಮ್ಮೆ ಬಾಗಿದರೆ ಬಾಗಿದಂತೆಯೇ. ಬೀಳುವುದನ್ನೇ ಕಲಿಯುತ್ತಿರುವವನ ಕೈಗೆ ಅದನ್ನು ಕೊಡುವುದು ದುಂದುಗಾರಿಕೆ. 2010ರ ಸುಮಾರಿಗೆ ಹರಡಿದ ತೇಲು ಪ್ಲೇಟುಗಳ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಬಿಗಿ. ಎರಡು ತುದಿಯಲ್ಲಿ ಆನಿಸಿದ ಪ್ಲೇಟಿನ ಮೇಲೆ ಸವಾರ ನಿಂತರೆ, ಅದರಡಿ ಬೋರ್ಡು ತನ್ನ ಪಾಡಿಗೆ ಬಾಗುತ್ತದೆ, ಏರುತಗ್ಗಿನ ಪೆಟ್ಟು ಕಾಲಿಗೆ ಬರುವುದಿಲ್ಲ. ಕಂಬಗಳ ನಡುವೆ ಸಾವಿರಾರು ಸಲ ಕೊರೆದು ಗುಳಿಬಿದ್ದ ಹಾದಿಗೆ ಇದು ಚಂದದ ಉಪಾಯ. ಕಲಿಯುವವನಿಗೆ ಮಾತ್ರ ಅಡಿಯ ಹಿಮ ಏನು ಹೇಳುತ್ತಿದೆ ಎಂಬುದೇ ಕೇಳದಂತೆ ಮಾಡುತ್ತದೆ. ಮೇಲಾಗಿ ಭಾರ. ಲಿಫ್ಟಿನಲ್ಲಿ ಒಂದು ಕಾಲಿಗೆ ನೇತುಬಿದ್ದ ಆ ತೂಕವನ್ನು ಹತ್ತು ನಿಮಿಷ ಹೊತ್ತು ನೋಡಿದವರಿಗೆ ಗೊತ್ತು. ಅದೇ ದುಡ್ಡಿನ ಒಂದು ಪಾಲಲ್ಲಿ ಅಂಚನ್ನು ವಾರಕ್ಕೊಮ್ಮೆ ಅರದಿಂದ ಉಜ್ಜಿ 88 ಡಿಗ್ರಿಗೆ ಹರಿತ ಮಾಡಿಕೊಂಡರೆ ಹೆಚ್ಚು ಲಾಭ.

ಮೂರನೇ ಚಳಿಗಾಲಕ್ಕೆ ನನ್ನ ಬಳಿ ಇದ್ದದ್ದು ಕಾಲಿಗೆ ಕಚ್ಚಿ ಕೂತ ಬೂಟು ಮತ್ತು ಯಾರೋ ಬಳಸಿ ಬಿಟ್ಟ, ಲೋಹವಿಲ್ಲದ, 163 ಸೆಂಟಿಮೀಟರಿನ ಬೋರ್ಡು. ಲಿಫ್ಟಿನಲ್ಲಿ ಮೇಲೇರುವಾಗ ಕೆಳಗೆ ನನ್ನದೇ ಗೀಟು ಕಾಣುತ್ತಿತ್ತು. ಬೆರಳ ಕಡೆಯ ತಿರುವುಗಳಲ್ಲಿ ದಾರದಷ್ಟು ತೆಳು. ಹಿಮ್ಮಡಿ ಕಡೆಯವುಗಳಲ್ಲಿ ಮಾತ್ರ, ಪ್ರತಿ ತಿರುವಿನ ಮೂರನೇ ಪಾಲು ದಾಟಿದ ಮೇಲೆ, ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಗೀಟು ಅಗಲವಾಗುತ್ತಿತ್ತು. ಪ್ರತಿ ಸಲ ಅದೇ ಜಾಗ. ಮೇಲೆ ಹೋಗಿ, ಬೆಂಚಿನ ಮೇಲೆ ಕೂತು, ಜೇಬಿನ ಸ್ಕ್ರೂಡ್ರೈವರ್ ತೆಗೆದು ಹಿಂಗಾಲಿನ ಕೋನವನ್ನು 58ರಿಂದ 55ಕ್ಕೆ ಇಳಿಸಿದೆ. ಮುಂದಿನ ಸುತ್ತಿನಲ್ಲಿ ಒರೆಸಿದ ಗುರುತು ಅರ್ಧ ಕಡಿಮೆಯಾಗಿತ್ತು. ಉಳಿದರ್ಧ ಸ್ಕ್ರೂಡ್ರೈವರಿಗೆ ಸಂಬಂಧಪಟ್ಟದ್ದಲ್ಲ ಎಂದು ನನ್ನ ಗುಮಾನಿ.