ಹಿತ್ತಲಿನಲ್ಲಿ ಹಳೆಯ ತಳಿಯ ಎಲೆಕೋಸು: ಗಡ್ಡೆಯ ಲೆಕ್ಕ, ಬೀಜದ ಲೆಕ್ಕ

ತಲೆಮಾರುಗಳಿಂದ ಆಯ್ದು ಉಳಿಸಿಕೊಂಡು ಬಂದ, ಸಂಕರವಲ್ಲದ ಎಲೆಕೋಸುಗಳನ್ನು ಪಾರಂಪರಿಕ ತಳಿಗಳೆನ್ನುತ್ತಾರೆ. ಚೂಪು ಗಡ್ಡೆಯ 'ಅರ್ಲಿ ಜೆರ್ಸಿ ವೇಕ್‌ಫೀಲ್ಡ್' 19ನೇ ಶತಮಾನದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹೆಸರು ಮಾಡಿತು. ಡೆನ್ಮಾರ್ಕಿನ 'ಕೋಪನ್‌ಹೇಗನ್ ಮಾರ್ಕೆಟ್'ನಿಂದ ಆಯ್ದ 'ಗೋಲ್ಡನ್ ಏಕರ್' ಭಾರತದಲ್ಲೂ ನೆಲೆಯೂರಿದೆ. ಇವನ್ನು ಬೀಜದಿಂದ ಬೆಳೆಸುವುದಕ್ಕೆ ಎರಡು ಕಾರಣ ಕೊಡಲಾಗುತ್ತದೆ: ಮನೆಬಳಕೆಗೆ ಒಗ್ಗುವ ಬೆಳೆ, ಬೀಜದ ಸ್ವಾವಲಂಬನೆ. ಮೊದಲನೆಯದು ಗಟ್ಟಿಯಾದ ಕಾರಣ. ಎರಡನೆಯದು ಕರ್ನಾಟಕದ ಬಯಲುಸೀಮೆಯಲ್ಲಿ ನಿಲ್ಲುವುದಿಲ್ಲ.

ಸಂಕರ ತಳಿಯ ಗಡ್ಡೆಗಳು ಹೆಚ್ಚುಕಡಿಮೆ ಒಟ್ಟಿಗೇ ಬಲಿಯುತ್ತವೆ. ಮಾರುಕಟ್ಟೆಗೆ ಲೋಡು ಕಳಿಸುವ ರೈತನಿಗೆ ಅದು ವರ, ನಾಲ್ಕು ಜನರ ಅಡುಗೆಮನೆಗೆ ಹೊರೆ. ಹಳೆಯ ತಳಿ ಹಿಂದೆಮುಂದೆ ಬಲಿಯುವುದರಿಂದ ವಾರಕ್ಕೊಂದರಂತೆ ಕೊಯ್ಯಬಹುದು. ಗೋಲ್ಡನ್ ಏಕರಿನ ಗಡ್ಡೆ ಸುಮಾರು ಒಂದು ಕಿಲೋ ತೂಗುತ್ತದೆ. ಒಂದೆರಡು ಹೊತ್ತಿನ ಪಲ್ಯಕ್ಕೆ ಅಷ್ಟು ಸಾಕು. ಬಲಿತದ್ದನ್ನು ಬಿಟ್ಟರೆ, ಅದರಲ್ಲೂ ಮಳೆ ಬಿದ್ದರೆ, ಗಡ್ಡೆ ಸೀಳುತ್ತದೆ. ಗಿಡವನ್ನು ಹಿಡಿದು ಅರ್ಧ ಸುತ್ತು ತಿರುಗಿಸಿ ಕೆಲವು ಬೇರು ಹರಿದರೆ ನೀರಿನ ಸೆಳೆತ ತಗ್ಗಿ ಇನ್ನೂ ಕೆಲವು ದಿನ ತಡೆಯುತ್ತದೆ.

ಬೆಳೆಸುವ ಕ್ರಮ ಸರಳ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸಸಿಮಡಿಯಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ, ನಾಲ್ಕೈದು ವಾರದ ಸಸಿಗಳನ್ನು 45 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಗಡ್ಡೆ ಕಟ್ಟುವ ಹೊತ್ತಿಗೆ ಚಳಿಗಾಲ ಸಿಗುತ್ತದೆ. ಹಳೆಯ ತಳಿಗೆ ಹುಳ ಹತ್ತುವುದಿಲ್ಲವೆಂಬ ನಂಬಿಕೆ ಮಾತ್ರ ತಪ್ಪು. ಡೈಮಂಡ್‌ಬ್ಯಾಕ್ ಪತಂಗದ ಮರಿಹುಳುಗಳು ಯಾವ ಕೋಸನ್ನೂ ಬಿಡುವುದಿಲ್ಲ. ಪತಂಗವನ್ನು ಸೆಳೆಯಲು ಪಕ್ಕದಲ್ಲಿ ಸಾಸಿವೆ ಬಿತ್ತುವ ಕ್ರಮವನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪ್ರಚುರಪಡಿಸಿದೆ. ಹಿತ್ತಲಿನಲ್ಲಾದರೆ ದಿನವೂ ಎಲೆಯ ಅಡಿ ನೋಡಿ ಹುಳ ಆರಿಸುವುದೇ ಹೆಚ್ಚು ನಂಬಿಕಸ್ತ ಉಪಾಯ.

ತೊಡಕಿರುವುದು ಬೀಜದಲ್ಲಿ. ಎಲೆಕೋಸು ದ್ವೈವಾರ್ಷಿಕ ಸಸ್ಯ. ಬೆಳೆದ ಗಿಡ ಹಲವು ವಾರ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿ ಕಂಡ ಮೇಲಷ್ಟೇ ಹೂಗೊಂಚಲು ಹೊರಡುತ್ತದೆ. ಬೆಂಗಳೂರಿನ ಜನವರಿಯಲ್ಲೂ ಅಂಥ ಚಳಿ ಸತತವಾಗಿ ಇರುವುದಿಲ್ಲ. ಭಾರತದಲ್ಲಿ ಇದರ ಬೀಜೋತ್ಪಾದನೆ ಹಿಮಾಚಲ ಪ್ರದೇಶದ ಕುಲು ಕಣಿವೆಯಂಥ ಎಡೆಗಳಲ್ಲಿ ಬೇರೂರಿದ್ದು ಇದೇ ಕಾರಣಕ್ಕೆ. ಚಳಿ ಇರುವ ಕಡೆಯೂ ಒಂಟಿ ಗಿಡದಿಂದ ಪ್ರಯೋಜನವಿಲ್ಲ: ಸ್ವಂತ ಪರಾಗವನ್ನು ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಾಲ್ಕಾರು ಗಿಡಗಳಿಂದಲೇ ವರ್ಷವರ್ಷ ಬೀಜ ತೆಗೆದರೆ ತಳಿ ಸೊರಗುತ್ತದೆ. ಹೂಕೋಸು, ನವಿಲುಕೋಸು, ಬ್ರೊಕೊಲಿಗಳೂ ಇದೇ ಪ್ರಭೇದಕ್ಕೆ ಸೇರಿದವು. ಹತ್ತಿರದಲ್ಲಿ ಅವುಗಳಲ್ಲಿ ಒಂದು ಹೂಬಿಟ್ಟರೂ ಜೇನ್ನೊಣಗಳು ಪರಾಗ ಬೆರೆಸುತ್ತವೆ, ಮುಂದಿನ ಪೀಳಿಗೆ ಹಳೆಯ ತಳಿಯಾಗಿ ಉಳಿಯುವುದಿಲ್ಲ. ಇದನ್ನು ತಡೆಯಲು ಬೇಕಾದ ಕಿಲೋಮೀಟರುಗಟ್ಟಲೆ ಅಂತರ ಯಾವ ಹಿತ್ತಲಿನ ಕೈಯಲ್ಲೂ ಇಲ್ಲ.

ಆದ್ದರಿಂದ ಬಯಲುಸೀಮೆಯವರು ಬೀಜವನ್ನು ಕೊಂಡು, ಗಡ್ಡೆಯನ್ನು ಮಾತ್ರ ಬೆಳೆಯುವುದು ಸರಿಯಾದ ದಾರಿ. ಒಂದು ಗ್ರಾಮಿನಲ್ಲಿ ಇನ್ನೂರಕ್ಕೂ ಹೆಚ್ಚು ಬೀಜಗಳಿರುತ್ತವೆ. ತೇವ ತಾಗದಂತೆ ಮುಚ್ಚಿ ತಂಪಿನಲ್ಲಿಟ್ಟರೆ ಮೂರು–ನಾಲ್ಕು ವರ್ಷ ಮೊಳೆಯುತ್ತವೆ. ಬೀಜವನ್ನೇ ಉಳಿಸುವ ಹಂಬಲವಿದ್ದವರಿಗೆ ಟೊಮೆಟೊ, ಬೀನ್ಸ್ ಇವೆ. ತಮ್ಮ ಹೂವಿನಲ್ಲೇ ಫಲ ಕಟ್ಟುವ ಇವುಗಳ ಹಳೆಯ ತಳಿಗಳನ್ನು ಸಣ್ಣ ಹಿತ್ತಲಿನಲ್ಲೂ ಕೆಡದಂತೆ ಕಾಪಾಡಬಹುದು.