ಹಾಜಿ ಹಬೀಬ್ ಇಲ್ಲದ 'ಸತ್ಯಾಗ್ರಹ'

ಅಮೆರಿಕದ ಸಂಗೀತಗಾರ ಫಿಲಿಪ್ ಗ್ಲಾಸ್ ಗಾಂಧೀಜಿಯ ಬಗ್ಗೆ ಮಾಡಿದ ಒಪೆರಾ 'ಸತ್ಯಾಗ್ರಹ'. ಅದರಲ್ಲಿ ಇಂಗ್ಲಿಷ್ ಇಲ್ಲ, ಗುಜರಾತಿ ಇಲ್ಲ. ಹಾಡುವುದೆಲ್ಲ ಸಂಸ್ಕೃತ. ಭಗವದ್ಗೀತೆಯಿಂದ ಕಾನ್‌ಸ್ಟನ್ಸ್ ಡಿಜಾಂಗ್ ಆಯ್ದ ಶ್ಲೋಕಗಳು. ಮೊದಲ ಪ್ರದರ್ಶನ 1980ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ನಾನಿಲ್ಲಿ ಬರೆಯುತ್ತಿರುವುದು 1985ರಲ್ಲಿ ಸಿಬಿಎಸ್ ಹೊರತಂದ ರೆಕಾರ್ಡಿಂಗ್ ಕುರಿತು. ನ್ಯೂಯಾರ್ಕ್ ಸಿಟಿ ಒಪೆರಾದ ವಾದ್ಯವೃಂದ ಮತ್ತು ಕೋರಸ್, ನಿರ್ದೇಶನ ಕ್ರಿಸ್ಟೋಫರ್ ಕೀನ್, ಗಾಂಧಿಯಾಗಿ ಹಾಡಿದವರು ಡಗ್ಲಸ್ ಪೆರ್ರಿ.

ಒಪೆರಾ ಅಂದರೇನು ಅಂತ ಕೇಳುವ ವಿದ್ಯಾರ್ಥಿಗಳಿಗೆ ಒಂದು ಮಾತು. ಯಕ್ಷಗಾನದಲ್ಲಿ ಭಾಗವತರು ಹಾಡ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳ್ತಾನೆ. ಒಪೆರಾದಲ್ಲಿ ಪಾತ್ರಧಾರಿಯೇ ಹಾಡಬೇಕು. ಆದರೆ ಇಲ್ಲಿ ಅರ್ಥ ಹೇಳುವವರು ಯಾರೂ ಇಲ್ಲ. ಕಥೆ ನಡೆಯುವುದು ದಕ್ಷಿಣ ಆಫ್ರಿಕಾದಲ್ಲಿ, ಬಾಯಲ್ಲಿ ಬರುವುದು ಗೀತೆ. ನಾಲ್ಕಾರು ಸ್ವರಗಳು ಮತ್ತೆ ಮತ್ತೆ ಬರುತ್ತವೆ, ಸ್ವಲ್ಪ ಸ್ವಲ್ಪವೇ ಬದಲಾಗುತ್ತವೆ. ಎರಡು ಗಂಟೆಗೂ ಹೆಚ್ಚು ಹೊತ್ತು ಹೀಗೇ. ಬೇಸರ ಬರೋದಿಲ್ವಾ? ಮೊದಲ ಅರ್ಧ ಗಂಟೆ ಬರುತ್ತೆ, ಸುಳ್ಳೇಕೆ. ಆಮೇಲೆ ಕಿವಿ ಒಗ್ಗಿಕೊಳ್ಳುತ್ತದೆ. ಅರ್ಥ ತಿಳಿಯುವ ಮೊದಲೇ ಮದ್ರಸದಲ್ಲಿ ಉಸ್ತಾದರ ಮುಂದೆ ಕೂತು ಓದಿ ಬಾಯಿಪಾಠ ಮಾಡಿದ ನಮಗೆ ಇದು ಹೊಸದೇನಲ್ಲ. ಗೊತ್ತಿಲ್ಲದ ಭಾಷೆಯೂ ಪಠಣದಲ್ಲಿ ಒಳಗೆ ಇಳಿಯುತ್ತದೆ. ಆ ಅನುಭವವನ್ನು ಗ್ಲಾಸ್ ಚೆನ್ನಾಗಿ ಹಿಡಿದಿದ್ದಾರೆ.

ನನ್ನ ತಕರಾರು ಬೇರೆ. ಮೊದಲ ಅಂಕದ ಮೂರನೇ ದೃಶ್ಯದ ಹೆಸರು 'ಪ್ರತಿಜ್ಞೆ'. ಕಾಲ 1906. ಟ್ರಾನ್ಸ್‌ವಾಲ್‌ನ ಭಾರತೀಯರೆಲ್ಲ, ಎಂಟು ವರ್ಷದ ಮಕ್ಕಳು ಕೂಡ, ಸರ್ಕಾರದಲ್ಲಿ ಹೆಸರು ನೋಂದಾಯಿಸಿ, ಬೆರಳಚ್ಚು ಕೊಟ್ಟು, ಪೊಲೀಸರು ಕೇಳಿದಾಗ ಪತ್ರ ತೋರಿಸಬೇಕೆಂಬ ಕಾಯ್ದೆ ಬರುವುದರಲ್ಲಿತ್ತು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರಿನಲ್ಲಿ ಸುಮಾರು ಮೂರು ಸಾವಿರ ಜನ ಸೇರಿದರು. ಸಭೆಯ ಅಧ್ಯಕ್ಷರು ಅಬ್ದುಲ್ ಗನಿ. ಅಂದು ಹಾಜಿ ಹಬೀಬ್ ಎದ್ದು ನಿಂತು, ಈ ಠರಾವನ್ನು ದೇವರ ಸಾಕ್ಷಿಯಾಗಿ ಪಾಸು ಮಾಡಬೇಕು ಎಂದರು. ಅದನ್ನು ಕೇಳಿ ತಾವೇ ಬೆಚ್ಚಿಬಿದ್ದದ್ದಾಗಿ ಗಾಂಧೀಜಿ ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಬಗೆಗಿನ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಠರಾವು ಬೇರೆ, ಆಣೆ ಬೇರೆ ಎಂದು ಸಭೆಗೆ ಬಿಡಿಸಿ ಹೇಳುವ ಕೆಲಸ ಆಮೇಲೆ ಅವರ ಪಾಲಿಗೆ ಬಂತು.

ಠರಾವು ಮುರಿದರೆ ಯಾರೂ ಕೇಳುವುದಿಲ್ಲ. ಆಣೆ ಮುರಿದರೆ ಕಫ್ಫಾರ ತೀರಿಸಬೇಕು: ಹತ್ತು ಮಂದಿ ಬಡವರಿಗೆ ಊಟವೋ ಬಟ್ಟೆಯೋ ಕೊಡಬೇಕು, ಆಗದಿದ್ದರೆ ಮೂರು ದಿನ ಉಪವಾಸ ಹಿಡಿಯಬೇಕು. ಅಲ್ಲಾಹನ ಹೆಸರೆತ್ತಿದ ಮೇಲೆ ಹಿಂದೆ ಹೋಗೋ ಹಾಗಿಲ್ಲ ಎಂಬುದು ಆ ವ್ಯಾಪಾರಿಗೆ ಗೊತ್ತಿದ್ದ ವಿಷಯ. ಸಭೆಯ ತೀರ್ಮಾನವೊಂದು ಆಣೆಯಾದದ್ದು ಅವರ ಮಾತಿನಿಂದ. ಒಪೆರಾದ ಪಾತ್ರಪಟ್ಟಿ ನೋಡಿ: ಕಸ್ತೂರಬಾ, ಕಾಲೆನ್‌ಬಾಕ್, ಮಿಸ್ ಶ್ಲೇಸಿನ್, ಮಿಸೆಸ್ ನಾಯ್ಡು, ಮಿಸೆಸ್ ಅಲೆಕ್ಸಾಂಡರ್, ಪಾರ್ಸಿ ರುಸ್ತುಮ್‌ಜಿ, ಕೃಷ್ಣ, ಅರ್ಜುನ. ಹಾಜಿ ಹಬೀಬ್ ಇಲ್ಲ. ಮುಸ್ಲಿಮರ ಹೆಸರು ಒಂದೂ ಇಲ್ಲ.

ಎರಡನೇ ಅಂಕದ ಕೊನೆಯಲ್ಲೂ ಇದೇ ಕಥೆ. 1908ರ ಆಗಸ್ಟ್ 16ರಂದು ನೋಂದಣಿ ಪತ್ರಗಳನ್ನು ಸುಟ್ಟದ್ದು ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಅಂಗಳದಲ್ಲಿ. ಮೂರು ಕಾಲಿನ ಕಬ್ಬಿಣದ ಕಡಾಯಿ, ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳು, ಮೇಲೆ ಸೀಮೆಎಣ್ಣೆ. ರೆಕಾರ್ಡಿಂಗಿನಲ್ಲಿ ಈ ಭಾಗ ತುಂಬ ಚೆನ್ನಾಗಿದೆ. ಯಾರನ್ನೂ ದ್ವೇಷಿಸದವನ ಕುರಿತ ಗೀತೆಯ ಹನ್ನೆರಡನೇ ಅಧ್ಯಾಯದ ಶ್ಲೋಕಗಳನ್ನು ಪೆರ್ರಿ ಎಲ್ಲೂ ದನಿ ಎತ್ತರಿಸದೆ ಹಾಡುತ್ತಾರೆ. ಬೆಂಕಿ ಕಿವಿಗೆ ಬೀಳುತ್ತದೆ. ಅದು ಮಸೀದಿಯ ಅಂಗಳ ಅಂತ ಮಾತ್ರ ಗೊತ್ತಾಗುವುದೇ ಇಲ್ಲ.

ನಮ್ಮವರಿಗೂ ಒಂದು ಪಾತ್ರ ಕೊಡಿ ಎನ್ನುವ ಹಠ ಇದಲ್ಲ. ಗಾಂಧೀಜಿ ಗೀತೆಯನ್ನು ತಾಯಿಯೆಂದು ಕರೆದವರು, ಅವರ ಒಪೆರಾದಲ್ಲಿ ಗೀತೆ ಇರಲಿ. ಆದರೆ ಅವರ ಪ್ರಾರ್ಥನೆಯಲ್ಲಿ ಗೀತೆ ಒಂದೇ ಇರಲಿಲ್ಲ. ದಿಲ್ಲಿಯ ಬಿರ್ಲಾ ಹೌಸ್‌ನ ಸಂಜೆ ಸಭೆಗಳಲ್ಲಿ ಕುರ್‌ಆನ್ ಪಠಣವೂ ಇರುತ್ತಿತ್ತು. ವಿಭಜನೆಯ ಗಾಯ ಹಸಿಯಾಗಿದ್ದ ಆ ದಿನಗಳಲ್ಲಿ ಕೆಲವರು ಎದ್ದು ಬೇಡ ಅಂದರು. ಅದೊಂದನ್ನು ಕೈಬಿಟ್ಟು ಉಳಿದದ್ದನ್ನು ನಡೆಸಲು ಅವರು ಒಪ್ಪಲಿಲ್ಲ. 1948ರ ಜನವರಿ 13ರಿಂದ 18ರವರೆಗೆ ಉಪವಾಸ ಕೂತಾಗ ಅವರ ಷರತ್ತುಗಳಲ್ಲಿ ಒಂದು ಮೆಹ್ರೌಲಿಯ ಬಖ್ತಿಯಾರ್ ಕಾಕಿ ದರ್ಗಾದ ಉರೂಸು ನಿರ್ಭಯವಾಗಿ ನಡೆಯಬೇಕೆಂಬುದು. 27ರಂದು ಅವರೇ ಅಲ್ಲಿಗೆ ಹೋದರು. ಮೂರು ದಿನದ ಬಳಿಕ ಕೊಲೆಯಾಯಿತು. ಇಂಥವರ ಬಾಯಲ್ಲಿ ಒಂದೇ ಗ್ರಂಥವಿಟ್ಟರೆ ಸಂಗೀತಕ್ಕೆ ಅಂದ ಬರಬಹುದು, ಮನುಷ್ಯ ಚಿಕ್ಕವನಾಗುತ್ತಾನೆ.

ನೋಯ್ಡಾದಿಂದ ಮೆಜೆಂಟಾ ಲೈನ್ ಮೆಟ್ರೋ ಹಿಡಿದರೆ ಯಮುನೆ ದಾಟಿ ಕಾಲಿಂದಿ ಕುಂಜ್, ಆಮೇಲೆ ಜಸೋಲಾ ವಿಹಾರ್ ಶಾಹೀನ್ ಬಾಗ್. 2019ರ ಡಿಸೆಂಬರ್ 15ರಿಂದ ನೂರು ದಿನ ಅಲ್ಲಿನ ರಸ್ತೆಯಲ್ಲಿ ಹೆಂಗಸರು ಕೂತದ್ದೂ ಕಾಗದಪತ್ರದ ಭಯದಿಂದಲೇ. ಚಳಿಗೆ ರಜಾಯಿ ಹೊದ್ದು ಕೂತ ಅಜ್ಜಿಯರ ನಡುವೆ 2020ರ ಜನವರಿಯಲ್ಲಿ ಸರ್ವಧರ್ಮ ಪ್ರಾರ್ಥನೆ ನಡೆಯಿತು. ಗೀತೆ, ಬೈಬಲ್, ಗುರುವಾಣಿ, ಕುರ್‌ಆನ್ ಎಲ್ಲವನ್ನೂ ಓದಿದರು. ಗ್ಲಾಸ್ ಬಿಟ್ಟದ್ದನ್ನು ಆ ಹೆಂಗಸರು ಬಿಡಲಿಲ್ಲ. ಜೋಹಾನ್ಸ್‌ಬರ್ಗ್‌ನ ಹೆಸರುಗಳು ಈ ಊರಲ್ಲಿ ಬೇಕಾಗುವುದು ಇದಕ್ಕೇ. ದೇಶದ ದೊಡ್ಡ ಹೋರಾಟಗಳಲ್ಲಿ ನೀವೆಲ್ಲಿದ್ದಿರಿ ಅಂತ ಕಾಲೇಜು ಹುಡುಗರನ್ನು ಕೇಳುವವರು ಇಲ್ಲಿ ಕಡಿಮೆಯಿಲ್ಲ.

ಇಷ್ಟಾದರೂ ಕೇಳಬೇಡಿ ಅಂತ ನಾನು ಹೇಳಲಾರೆ. ವೇದಿಕೆಯ ವಿಡಿಯೊಗಿಂತ ಈ ರೆಕಾರ್ಡಿಂಗೇ ನನಗೆ ಮೇಲು. ಯಾವ ಮುಖವೂ ಕಾಣದ ಕಾರಣ ಕೋರಸ್‌ನಲ್ಲಿ ಯಾರನ್ನು ಬೇಕಾದರೂ ಕಲ್ಪಿಸಿಕೊಳ್ಳಬಹುದು. ಹೊಸಬರು ಕೊನೆಯ ಹಾಡಿನಿಂದ ಶುರು ಮಾಡಿ. ಕೆಳಗಿನಿಂದ ಮೇಲಕ್ಕೆ ಒಂದೇ ಸ್ವರಶ್ರೇಣಿ, ಅದನ್ನೇ ಪೆರ್ರಿ ಮತ್ತೆ ಮತ್ತೆ ಹತ್ತುತ್ತಾರೆ, ಪ್ರತಿ ಸಲ ಮೊದಲ ಸಲದ ಹಾಗೆ. ಆಮೇಲೆ ಗಾಂಧೀಜಿಯ ಪುಸ್ತಕದಲ್ಲಿ ಎಂಪೈರ್ ಥಿಯೇಟರಿನ ಸಭೆಯ ಅಧ್ಯಾಯ ಓದಿ. ಅದು ಮುಗಿದ ಮೇಲೆ 'ಪ್ರತಿಜ್ಞೆ'ಯ ದೃಶ್ಯ ಹಾಕಿ ಕೇಳಿ.